ಇಳಿಯುವಾಗ ತಣ್ಣಗೆ, ಏರುವಾಗ ಕುದಿ

ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟ ಗಾಡಿ ಹಾನಗಲ್, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವವರೆಗೆ ಎಂಜಿನ್ನಿಗೆ ಹೇಳಿಕೊಳ್ಳುವಂಥ ಕಷ್ಟವಿಲ್ಲ. ನಿಜವಾದ ಏರು ಇರುವುದು ವಾಪಸು ಬರುವಾಗ. ಸಾಣಿಕಟ್ಟಾದ ಉಪ್ಪನ್ನೋ ತೆಂಗಿನಕಾಯಿಯನ್ನೋ ತುಂಬಿಕೊಂಡು ಕಡಲ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದ ಶಿರಸಿಗೆ ಹತ್ತಬೇಕು. ಮುಳ್ಳು ಕೆಂಪಿಗೆ ಹೋಗುವುದು, ಬಾನೆಟ್ ಸಂದಿಯಲ್ಲಿ ಹಬೆ ಏಳುವುದು ಆಗಲೇ. ‘ಹೋಗೂ ಮುಂದ ಬರೋಬ್ಬರಿ ಇತ್ರಿ, ಘಟ್ಟ ಹತ್ತೂ ಮುಂದ ಹೀಟ್ ಆತು’ ಎಂದು ಚಾಲಕರು ಹೇಳುತ್ತಾರೆ. ಬಹುಪಾಲು ಗಾಡಿಗಳಲ್ಲಿ ಆ ದೋಷ ಮೋಟೆಬೆನ್ನೂರಿನ ಹೆದ್ದಾರಿಯಲ್ಲಿ ಓಡುವಾಗಲೇ ಇರುತ್ತದೆ. ಸಮತಟ್ಟು ರಸ್ತೆಯಲ್ಲಿ ಅದು ಕಾಣುವುದಿಲ್ಲ.

ಯಾಕೆಂದು ಲೆಕ್ಕ ಹಾಕಿ ನೋಡೋಣ. ಸರಕೂ ಸೇರಿ 10 ಟನ್ ತೂಗುವ ಲಾರಿಯನ್ನು 500 ಮೀಟರ್ ಮೇಲೆತ್ತುವುದಕ್ಕೇ ಸುಮಾರು 4 ಲೀಟರ್ ಡೀಸೆಲ್ ಬೇಕು. ಉರಿದ ಡೀಸೆಲ್‌ನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಮಾತ್ರ ಚಕ್ರಕ್ಕೆ ಹೋಗುತ್ತದೆ. ಉಳಿದ ಶಾಖದಲ್ಲಿ ಒಂದು ಪಾಲು ಸೈಲೆನ್ಸರ್ ದಾರಿ ಹಿಡಿದರೆ, ಇನ್ನೊಂದು ಪಾಲು ರೇಡಿಯೇಟರ್ ನೀರಿಗೆ ಬರುತ್ತದೆ. ನೀರಿಗೆ ಬಂದ ಆ ಪಾಲು 30 ಡಿಗ್ರಿಯಲ್ಲಿರುವ ನೂರು ಲೀಟರಿಗೂ ಹೆಚ್ಚು ನೀರನ್ನು ಕುದಿಸಲು ಸಾಕು. ಇಷ್ಟನ್ನೂ ಗಾಳಿಗೆ ದಾಟಿಸಬೇಕಾದ ಹೊತ್ತಿನಲ್ಲೇ ಗಾಡಿ ಎರಡನೇ ಗೇರಿನಲ್ಲಿ ತೆವಳುತ್ತಿರುತ್ತದೆ, ಎದುರುಗಾಳಿ ಸಿಗುವುದಿಲ್ಲ. ಮಧ್ಯಾಹ್ನವಾದರೆ ಕಡಲಗಾಳಿ ಪಶ್ಚಿಮದಿಂದ ಬೀಸುತ್ತದೆ, ಗಾಡಿಯೂ ಪೂರ್ವಕ್ಕೇ ಹತ್ತುತ್ತಿರುತ್ತದೆ. ಬೆನ್ನ ಹಿಂದಿನ ಆ ಗಾಳಿಯಿಂದ ರೇಡಿಯೇಟರಿಗೆ ಪ್ರಯೋಜನವಿಲ್ಲ. ಆಗ ಎಲ್ಲ ಭಾರವೂ ಫ್ಯಾನಿನ ಮೇಲೆ.

ಹಾಗಾಗಿ ಒಳ್ಳೆಯ ಮೇಸ್ತ್ರಿ ಪಾನಾ ಎತ್ತಿಕೊಳ್ಳುವ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಹೀಟ್ ಆತು’ ಎಂದಲ್ಲ, ‘ಯಾವಾಗ ಹೀಟ್ ಆತು, ಯಾವಾಗ ಇಳೀತು’ ಎಂದು. ಹಾವೇರಿಯ ಸಂತೆಬೀದಿಯಲ್ಲಿ ನಿಂತಾಗ ಕಾದು, ಹೆದ್ದಾರಿಗೆ ಬಿದ್ದ ಕೂಡಲೇ ಮುಳ್ಳು ಇಳಿದರೆ ಗಾಳಿಯ ಕೊರತೆ: ಫ್ಯಾನ್ ಬೆಲ್ಟ್ ಸಡಿಲವಿರಬಹುದು, ಫ್ಯಾನ್ ಕ್ಲಚ್ ಜಾರುತ್ತಿರಬಹುದು. ಕ್ಲಚ್ ಸರಿಯಿರುವ ಗಾಡಿಯಲ್ಲಿ ಏರು ಹತ್ತುವಾಗ ಫ್ಯಾನಿನ ಗದ್ದಲ ಜೋರಾಗಬೇಕು; ಅದು ಕೇಳಿಸದಿದ್ದರೆ ಅನುಮಾನಪಡಿ. ಊರೊಳಗೆ ತಣ್ಣಗಿದ್ದು ವೇಗಕ್ಕೂ ಏರಿಗೂ ಕಾಯುವ ಗಾಡಿಯಲ್ಲಿ ಮೊದಲು ನೀರಿನ ಹರಿವನ್ನು ನೋಡಬೇಕು. ಕೆಳಗಿನ ಹೋಸ್ ಪೈಪ್ ಹಳತಾಗಿ ಮೆತ್ತಗಾಗಿದ್ದರೆ ರೇಸ್ ಕೊಟ್ಟಾಗ ಪಂಪಿನ ಎಳೆತಕ್ಕೆ ಒಳಗೆ ಅಪ್ಪಚ್ಚಿಯಾಗುತ್ತದೆ. ಎಂಜಿನ್ ಐಡಲ್‌ನಲ್ಲಿರುವಾಗ ನೋಡಿದರೆ ಇದು ತಿಳಿಯುವುದೇ ಇಲ್ಲ.

ನಮ್ಮ ಭಾಗದಲ್ಲಿ ನಾನು ಎಲ್ಲಕ್ಕಿಂತ ಮೊದಲು ಅನುಮಾನಪಡುವುದು ಬೋರ್‌ವೆಲ್ ನೀರನ್ನು. ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವ ಸುಣ್ಣದಂಶವೇ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲೂ ಕಟ್ಟುತ್ತದೆ. ಅಲ್ಯೂಮಿನಿಯಂಗೆ ಹೋಲಿಸಿದರೆ ಅದು ಶಾಖವನ್ನು ದಾಟಿಸುವುದು ನೂರರಲ್ಲಿ ಒಂದು ಪಾಲಿನಷ್ಟು. ಸಾಲದ್ದಕ್ಕೆ ಹೊರಗಡೆ ಕಣದ ಹೊಟ್ಟು, ಮೆಣಸಿನಕಾಯಿ ದೂಳು, ರಾಣೆಬೆನ್ನೂರಿನ ದಾರಿಯ ಹತ್ತಿ ಎಳೆ. ಎ.ಸಿ. ಇರುವ ಗಾಡಿಯಲ್ಲಿ ಇದೆಲ್ಲ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕುಳಿತಿರುತ್ತದೆ. ಮುಂದೆ ನಿಂತು ನೋಡಿದವರಿಗೆ ಸ್ವಚ್ಛವಾಗಿಯೇ ಕಾಣುತ್ತದೆ. ಹಿಂದೆ ಬಲ್ಬ್ ಹಿಡಿದರೆ ಬೆಳಕು ಎಲ್ಲೆಲ್ಲಿ ತೂರಿಬರುವುದಿಲ್ಲ ಎಂಬುದು ಗೊತ್ತಾಗುತ್ತದೆ. ತೊಳೆಯುವಾಗ ನೀರನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ಬಿಡಬೇಕು, ಇಲ್ಲದಿದ್ದರೆ ಕಸ ಇನ್ನಷ್ಟು ಒಳಗೆ ಸೇರುತ್ತದೆ.

ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರ ಸ್ಪ್ರಿಂಗ್ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ನೀರು 120 ಡಿಗ್ರಿಯ ಹತ್ತಿರದವರೆಗೂ ಕುದಿಯುವುದಿಲ್ಲ. ಸ್ಪ್ರಿಂಗ್ ಸೋತಿದ್ದರೆ ಶಿರಸಿಯ ಎತ್ತರದಲ್ಲಿ 98 ಡಿಗ್ರಿಗೇ ಕುದಿ. ಹೊಸ ಮುಚ್ಚಳ ಹಾಕುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಇಷ್ಟೆಲ್ಲ ನೋಡುವ ಬದಲು ಥರ್ಮೋಸ್ಟಾಟ್ ವಾಲ್ವ್ ಕಿತ್ತೆಸೆಯುವ ರೂಢಿಯಿದೆ. ಇದನ್ನು ನಾನು ಒಪ್ಪುವುದಿಲ್ಲ. 80–90 ಡಿಗ್ರಿಯಲ್ಲಿ ತೆರೆಯುವ ಆ ವಾಲ್ವ್ ಇಲ್ಲದಿದ್ದರೆ ಬಯಲಿನಲ್ಲಿ ಎಂಜಿನ್ ತಣ್ಣಗೇ ಓಡಿ ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಅದೇ ವಾಲ್ವ್. ಅದನ್ನು ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಸುತ್ತುತ್ತಿರುತ್ತದೆ. ಘಟ್ಟದಲ್ಲಿ ಗಾಡಿ ಮೊದಲಿಗಿಂತ ಹೆಚ್ಚು ಕಾಯುತ್ತದೆ.

ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದ್ದರೆ, ತಣ್ಣನೆಯ ಎಂಜಿನ್ ಚಾಲೂ ಮಾಡಿದ ತುಸು ಹೊತ್ತಿಗೇ ಮೇಲಿನ ಹೋಸ್ ಗಟ್ಟಿಯಾದರೆ, ಅದು ಹೆಡ್ ಗ್ಯಾಸ್ಕೆಟ್. ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ. ರೇಡಿಯೇಟರ್ ಬಾಯಿಗಿಟ್ಟ ಪರೀಕ್ಷೆಯ ನೀಲಿ ದ್ರವ ಹಳದಿಗೋ ಹಸಿರಿಗೋ ತಿರುಗಿದರೆ ಸಂದೇಹವೇ ಬೇಡ.

ಇನ್ನು ಘಟ್ಟದ ನಡುವೆಯೇ ಮುಳ್ಳು ಏರತೊಡಗಿದರೆ ಎ.ಸಿ. ಆರಿಸಿ, ಹೀಟರ್ ಇದ್ದರೆ ಪೂರ್ತಿ ಬಿಡಿ, ಗೇರ್ ಇಳಿಸಿ; ಪಂಪ್, ಫ್ಯಾನ್ ಎರಡೂ ಜೋರಾಗುತ್ತವೆ. ಅದಕ್ಕೂ ಬಗ್ಗದಿದ್ದರೆ ಬದಿಗೆ ನಿಲ್ಲಿಸಿ ಐಡಲ್‌ನಲ್ಲಿ ಬಿಡಿ. ಆದರೆ ಕೆಂಪಿನಲ್ಲಿದ್ದ ಮುಳ್ಳು ಒಮ್ಮೆಲೇ ಕೆಳಗೆ ಬಿದ್ದರೆ ಗಾಡಿ ತಣಿಯಿತೆಂದು ನಂಬಬೇಡಿ. ಸೆನ್ಸರ್ ಮುಳುಗಿರುವಷ್ಟು ನೀರೂ ಉಳಿದಿಲ್ಲ ಎಂಬ ಸೂಚನೆ ಅದು. ಆ ಕ್ಷಣವೇ ಎಂಜಿನ್ ಬಂದ್ ಮಾಡಿ. ಗಂಟೆಗಟ್ಟಲೆ ಕಾಯಬೇಕಾಗಿ ಬಂದರೂ ಸರಿ, ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಬೇಡಿ. ಮುಖ, ಕೈ ಸುಟ್ಟುಕೊಂಡವರು ಬಹಳ ಮಂದಿ.