ಶಮನಕಾರಿ ಔಷಧಗಳ ದೀರ್ಘಸೇವನೆಯೂ ಅವುಗಳಿಂದ ಬಿಡುಗಡೆಯೂ

ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಮೆಯು ಸೂರ್ಯನ ಗತಿಯನ್ನು ಅನುಸರಿಸುವುದಿಲ್ಲ. ಕಾರ್ಖಾನೆಗಳಲ್ಲಿ ಪಾಳಿಗಳು ಸರದಿಯಂತೆ ಬದಲಾಗುತ್ತವೆ. ಕಚೇರಿಗಳಲ್ಲಿ ಅನೇಕರು ಅಮೆರಿಕದ ಹಗಲಿಗೆ ಹೊಂದುವಂತೆ ಇಲ್ಲಿಯ ಇರುಳನ್ನು ಎಚ್ಚರದಿಂದ ಕಳೆಯುತ್ತಾರೆ. ಇಂತಹ ಬಾಳಿನಲ್ಲಿ ನಿದ್ರೆ ಕೆಡುವುದೂ ಆತಂಕವು ನೆಲೆಗೊಳ್ಳುವುದೂ ಅಚ್ಚರಿಯಲ್ಲ. ಅವುಗಳ ಶಮನಕ್ಕೆಂದು ಕೆಲವು ವಾರಗಳ ಮಟ್ಟಿಗೆ ಆರಂಭವಾದ ಮಾತ್ರೆಯು ವರ್ಷಗಟ್ಟಲೆ ಮುಂದುವರಿಯುವುದುಂಟು. ಅದನ್ನು ಬಿಡುವಾಗ ದೇಹದಲ್ಲಿ ನಡೆಯುವುದೇನು, ಬಿಡುವ ಸರಿಯಾದ ಕ್ರಮ ಯಾವುದು ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಔಷಧಗಳಲ್ಲಿ ಮುಖ್ಯವಾದವು ಬೆಂಜೊಡಯಜಿಪೀನ್ ವರ್ಗಕ್ಕೆ ಸೇರಿದವು. ಹಾಫ್‌ಮನ್-ಲಾ ರೋಶ್ ಸಂಸ್ಥೆಯಲ್ಲಿ ಲಿಯೊ ಸ್ಟರ್ನ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞರು ರೂಪಿಸಿದ ಕ್ಲೋರ್‌ಡಯಜಿಪಾಕ್ಸೈಡ್ 1960ರಲ್ಲಿ ಲಿಬ್ರಿಯಂ ಎಂಬ ಹೆಸರಿನಿಂದಲೂ, ಡಯಜಿಪಾಮ್ 1963ರಲ್ಲಿ ವ್ಯಾಲಿಯಂ ಎಂಬ ಹೆಸರಿನಿಂದಲೂ ಬಳಕೆಗೆ ಬಂದುವು. ಹಿಂದಿನ ಬಾರ್ಬಿಟ್ಯುರೇಟುಗಳಿಗಿಂತ ಇವು ನಿರಪಾಯಕರವೆಂದು ಜನಪ್ರಿಯವಾದುವು. ಆದರೆ 1961ರಲ್ಲಿಯೇ ಅಮೆರಿಕದ ಲಿಯೊ ಹಾಲಿಸ್ಟರ್ ಮತ್ತು ಸಂಗಡಿಗರು ಒಂದು ಎಚ್ಚರಿಕೆಯನ್ನು ಪ್ರಕಟಿಸಿದರು. ತಿಂಗಳುಗಟ್ಟಲೆ ಅಧಿಕ ಪ್ರಮಾಣದಲ್ಲಿ ಕ್ಲೋರ್‌ಡಯಜಿಪಾಕ್ಸೈಡ್ ಸೇವಿಸಿದ್ದ 11 ರೋಗಿಗಳಿಗೆ ಒಮ್ಮೆಲೇ ಔಷಧವಿಲ್ಲದ ಮಾತ್ರೆ ಕೊಟ್ಟಾಗ 10 ಮಂದಿಯಲ್ಲಿ ಹೊಸ ಲಕ್ಷಣಗಳು ಕಾಣಿಸಿಕೊಂಡುವು. ಇಬ್ಬರಿಗೆ ಸೆಳವು ಬಂದಿತು.

ಇದಕ್ಕೆ ಕಾರಣವಿದೆ. ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕವು ನರಕೋಶಗಳ ಉದ್ರೇಕವನ್ನು ತಗ್ಗಿಸುತ್ತದೆ. ಬೆಂಜೊಡಯಜಿಪೀನುಗಳು ಈ ಕಾರ್ಯವನ್ನು ಬಲಪಡಿಸುತ್ತವೆ. ಬಹುಕಾಲ ಹೊರಗಿನ ನೆರವು ದೊರೆತಾಗ ಮೆದುಳು ಅದಕ್ಕೆ ಹೊಂದಿಕೊಂಡು ತನ್ನ ಸಂವೇದನೆಯನ್ನು ಕುಗ್ಗಿಸಿಕೊಳ್ಳುತ್ತದೆ. ನೆರವು ಹಠಾತ್ತನೆ ತಪ್ಪಿದಾಗ ಉದ್ರೇಕವನ್ನು ತಡೆಯುವ ಶಕ್ತಿ ಸಾಲದಾಗುತ್ತದೆ. ವೈದ್ಯರು ಹೇಳಿದಷ್ಟನ್ನೇ ಸೇವಿಸಿದವರಲ್ಲಿಯೂ ಹೀಗಾಗುವುದುಂಟು. ಆದುದರಿಂದ ಇದು ಶೀಲದ ದೌರ್ಬಲ್ಯವಲ್ಲ, ದೇಹದ ಅವಲಂಬನೆ. ಇದನ್ನು ಚಟವೆಂದು ಹಳಿಯುವುದು ಶಾಸ್ತ್ರಸಮ್ಮತವಲ್ಲ.

ಇಲ್ಲಿ ಮುಖ್ಯವಾದ ತೊಡಕೊಂದುಂಟು. ಹಿಂತೆಗೆತದ ಲಕ್ಷಣಗಳು ಮೂಲವ್ಯಾಧಿಯನ್ನೇ ಅನುಕರಿಸುತ್ತವೆ. ನಿದ್ರಾಹೀನತೆ, ಎದೆಬಡಿತ, ನಡುಕ, ಭಯ ಇವು ತೋರಿದೊಡನೆ, "ರೋಗ ಮರಳಿತು, ಮಾತ್ರೆಯಿಲ್ಲದೆ ನನಗೆ ಗತಿಯಿಲ್ಲ" ಎಂದು ರೋಗಿಯು ನಿಶ್ಚಯಿಸಿ ಹಿಂದಿನ ಪ್ರಮಾಣಕ್ಕೇ ಮರಳುತ್ತಾನೆ. ಎರಡನ್ನೂ ಬೇರ್ಪಡಿಸಲು ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ಕಾಲ: ಬೇಗ ಇಳಿಯುವ ಆಲ್‌ಪ್ರಜೋಲಾಮನ್ನು ಬಿಟ್ಟರೆ ಒಂದೆರಡು ದಿನಗಳಲ್ಲಿಯೇ, ನಿಧಾನವಾಗಿ ಇಳಿಯುವ ಡಯಜಿಪಾಮನ್ನು ಬಿಟ್ಟರೆ ಹಲವು ದಿನಗಳ ಮೇಲೆ ಲಕ್ಷಣಗಳು ತಲೆದೋರುತ್ತವೆ. ಎರಡನೆಯದು ಹೊಸತನ: ಬೆಳಕು, ಸದ್ದುಗಳನ್ನು ಸಹಿಸಲಾಗದಿರುವುದು, ಚರ್ಮದಲ್ಲಿ ಜುಮ್ಮೆನ್ನುವುದು, ಸ್ನಾಯುಗಳು ಅದಿರುವುದು ಇವು ಮೊದಲಿನ ಆತಂಕದಲ್ಲಿ ಇದ್ದಿರಲಾರವು. ಮೂರನೆಯದು ಗತಿ: ಹಿಂತೆಗೆತದ ಬಾಧೆಯು ಅಲೆಯಂತೆ ಏರಿಳಿದು ಸಾಮಾನ್ಯವಾಗಿ ಕ್ರಮೇಣ ಕ್ಷೀಣಿಸುತ್ತದೆ, ಕೆಲವರಲ್ಲಿ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಅಂತಿಮ ನಿರ್ಣಯ ವೈದ್ಯರದು. ಆದರೆ ದಿನಚರಿಯಲ್ಲಿ ಬರೆದಿಟ್ಟ ವಿವರಗಳು ಆ ನಿರ್ಣಯಕ್ಕೆ ಆಧಾರವಾಗುತ್ತವೆ.

ಬಿಡುವ ಕ್ರಮದ ಮೊದಲ ನಿಯಮ ನಿಧಾನ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಷ್ಟನ್ ಅವರು 1982ರಿಂದ 1994ರವರೆಗೆ ಇದಕ್ಕಾಗಿಯೇ ಒಂದು ಚಿಕಿತ್ಸಾಲಯವನ್ನು ನಡೆಸಿ, ರೋಗಿಯ ಸಹನೆಗೆ ತಕ್ಕಂತೆ ಪ್ರಮಾಣವನ್ನು ಇಳಿಸುವ ಪದ್ಧತಿಯನ್ನು ರೂಢಿಗೆ ತಂದರು. 2025ರಲ್ಲಿ ಪ್ರಕಟವಾದ ಅಮೆರಿಕದ ವೈದ್ಯಸಂಘಗಳ ಸಂಯುಕ್ತ ಮಾರ್ಗಸೂಚಿಯೂ, ಮೊದಲಿಗೆ 2ರಿಂದ 4 ವಾರಗಳಿಗೊಮ್ಮೆ ಶೇಕಡ 5ರಿಂದ 10ರಷ್ಟು ಇಳಿಸುವುದನ್ನು ಪರಿಗಣಿಸಬೇಕೆಂದೂ, ಸಾಮಾನ್ಯವಾಗಿ ಎರಡು ವಾರಗಳಿಗೆ ಶೇಕಡ 25ನ್ನು ಮೀರಬಾರದೆಂದೂ ಹೇಳುತ್ತದೆ. ಪ್ರತಿ ಬಾರಿಯೂ ಆಗ ಸೇವಿಸುತ್ತಿರುವ ಪ್ರಮಾಣದ ಮೇಲೆ ಲೆಕ್ಕ ಹಾಕುವುದು ಲೇಸು: 10 ಮಿಲಿಗ್ರಾಂ 9ಕ್ಕೆ, 9 ಮಿಲಿಗ್ರಾಂ 8.1ಕ್ಕೆ ಇಳಿಯುತ್ತದೆ. ಬಾಧೆ ಹೆಚ್ಚಿದರೆ ಅದೇ ಮೆಟ್ಟಿಲಿನಲ್ಲಿ ಕೆಲಕಾಲ ನಿಲ್ಲಬಹುದು. ಹಿಂದೆ ಸೆಳವು ಬಂದವರು, ಗರ್ಭಿಣಿಯರು, ಮದ್ಯವನ್ನು ಅಥವಾ ಅಫೀಮಿನ ವರ್ಗದ ಔಷಧಗಳನ್ನು ಸೇವಿಸುವವರು ವಿಶೇಷ ವೈದ್ಯಕೀಯ ನಿಗಾದಲ್ಲಿಯೇ ಇದನ್ನು ಆರಂಭಿಸಬೇಕು. ಸೆಳವು, ಸನ್ನಿ, ಆತ್ಮಹತ್ಯೆಯ ಆಲೋಚನೆ ಇವುಗಳಲ್ಲಿ ಯಾವುದು ತೋರಿದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪಾಳಿಯ ದುಡಿಮೆಯಲ್ಲಿರುವವರಿಗೆ ಇನ್ನೂ ಕೆಲವು ಎಚ್ಚರಗಳು ಅವಶ್ಯ. ಪಾಳಿ ಬದಲಾಗುವ ವಾರದಲ್ಲಿಯೇ ಪ್ರಮಾಣವನ್ನೂ ಇಳಿಸಿದರೆ, ನಿದ್ರೆ ಕೆಟ್ಟುದು ಯಾವುದರಿಂದ ಎಂದು ತಿಳಿಯದು. ಮಾತ್ರೆಯ ಬದಲಿಗೆ ಮದ್ಯವನ್ನು ಹಿಡಿಯುವುದು ಒಂದು ಅವಲಂಬನೆಯ ಸ್ಥಾನದಲ್ಲಿ ಮತ್ತೊಂದನ್ನು ನೆಲೆಗೊಳಿಸಿದಂತೆ. ಎಚ್ಚರವಿರಲೆಂದು ಕುಡಿಯುವ ಕಾಫಿಯೂ ನಡುಕವನ್ನು ಹೆಚ್ಚಿಸಬಲ್ಲದು. ಯಂತ್ರದ ಮುಂದೆ ನಿಲ್ಲುವವರೂ ವಾಹನ ನಡೆಸುವವರೂ ತೂಕಡಿಕೆಯನ್ನು ವೈದ್ಯರಿಗೆ ತಿಳಿಸಲೇಬೇಕು. 2014ರ ಮಾರ್ಚಿನಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯಂತೆ ಆಲ್‌ಪ್ರಜೋಲಾಮ್, ಡಯಜಿಪಾಮ್‌ಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಔಷಧದಂಗಡಿಯವರು ಮಾರಾಟದ ದಾಖಲೆಯನ್ನು ಮೂರು ವರ್ಷ ಇಡಬೇಕು. ಚೀಟಿಯ ಅವಧಿ ಮುಗಿಯಿತೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದೂ ಅಪಾಯವೇ; ಆದುದರಿಂದ ಮಾತ್ರೆ ತೀರುವ ಮುನ್ನವೇ ವೈದ್ಯರನ್ನು ಕಾಣಬೇಕು.

ಎಲೆಕ್ಟ್ರಾನಿಕ್ ಸಿಟಿಗೆ ಸಾಗುವ ಹೊಸೂರು ರಸ್ತೆಯಲ್ಲಿಯೇ ಇರುವ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವುಂಟು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯನ್ನು 14416ಕ್ಕೆ ಕರೆಮಾಡಿ ಪಡೆಯಬಹುದು. ಆತಂಕವನ್ನೂ ನಿದ್ರಾಹೀನತೆಯನ್ನೂ ಆಲೋಚನೆ, ಅಭ್ಯಾಸಗಳ ಮೂಲಕ ತಿದ್ದುವ ಮನೋಚಿಕಿತ್ಸೆಯನ್ನು ಜೊತೆಗೂಡಿಸಿದರೆ ಬಿಡುಗಡೆ ಸುಲಭವಾಗುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನಾಳೆ ಈ ಪ್ರದೇಶಗಳಿಗೇ ಉದ್ಯೋಗಿಗಳಾಗಿ ಹೋಗುವವರು. ಗೆಳೆಯನೊಬ್ಬನು ಮಾತ್ರೆಯನ್ನು ಬಿಡಲು ಹವಣಿಸುವಾಗ "ಧೈರ್ಯಮಾಡಿ ಇಂದೇ ಎಸೆದುಬಿಡು" ಎಂದು ಹುರಿದುಂಬಿಸದೆ, ಅವನನ್ನು ವೈದ್ಯರ ಬಳಿಗೆ ಕರೆದೊಯ್ದು, ಮುಂದಿನ ತಿಂಗಳುಗಳಲ್ಲಿ ತಾಳ್ಮೆಯಿಂದ ಜೊತೆಗಿರುವುದೇ ನಿಜವಾದ ಉಪಕಾರವೆಂಬುದನ್ನು ಅವರು ಇಲ್ಲಿಯೇ ಅರಿತು ಹೋಗುವುದು ಉಚಿತ.