ಅನಾರ್ ತಿಂದರೆ ಮಾತ್ರೆ ಬೇಡವೇ?

"ಅನಾರ್ ತಿಂದರೆ ಸಾಕು, ಬಿಪಿ ಮಾತ್ರೆ ಯಾಕೆ?" ಎಂದು ನಮ್ಮ ದಾದಿಮಾ ಕೇಳಿದರು. ಉತ್ತರ ಹುಡುಕಿ ಓದಿದೆ.

ಅನಾರ್ ಅಂದರೆ ದಾಳಿಂಬೆ. ಅದರಲ್ಲಿರುವ ಎಲ್ಲಾಜಿಟ್ಯಾನಿನ್‌ ಎಂಬ ಸಸ್ಯ ಸಂಯುಕ್ತಗಳನ್ನು ಕರುಳಿನ ಬ್ಯಾಕ್ಟೀರಿಯಾಗಳು ಯುರೋಲಿಥಿನ್-ಎ ಆಗಿ ಬದಲಿಸುತ್ತವೆ. ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಹಣ್ಣು ಕಚ್ಚಾ ಮಾಲು, ಕರುಳು ಕಾರ್ಖಾನೆ. ಆದರೆ ಎಲ್ಲರ ಕಾರ್ಖಾನೆಯಲ್ಲೂ ಈ ಸರಕು ತಯಾರಾಗುವುದಿಲ್ಲ.

ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳು ವಯಸ್ಸಾದಂತೆ ಕೆಡುತ್ತವೆ. ಕೆಟ್ಟವನ್ನು ತೆರವುಗೊಳಿಸಲು ಯುರೋಲಿಥಿನ್-ಎ ನೆರವಾಗಬಹುದು. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದನ್ನು ಪಡೆದ ಸಣ್ಣ ಹುಳುಗಳು ಸುಮಾರು ಶೇ. 45ರಷ್ಟು ಹೆಚ್ಚು ಕಾಲ ಬದುಕಿದವು. ಮನುಷ್ಯರ ಆಯಸ್ಸು ಹೀಗೆ ಹೆಚ್ಚುತ್ತದೆ ಎಂಬುದು ಸಾಬೀತಾಗಿಲ್ಲ.

ದಾದಿಮಾಗೆ ಇಷ್ಟನ್ನೂ ಉರ್ದುವಿನಲ್ಲಿ ವಿವರಿಸಿದೆ. ಈಗ ಅನಾರ್ ಬಿಡಿಸಿಕೊಡುವುದೂ ಮಾತ್ರೆ ನೆನಪಿಸುವುದೂ ನನ್ನದೇ ಕೆಲಸ. ನಿಮ್ಮ ಮನೆಯ ಹಿರಿಯರಿಗೂ ಹೇಳಿ: ಹಣ್ಣು ಆಹಾರ, ಔಷಧಿಗೆ ಬದಲಿಯಲ್ಲ.