ಮನೆಯ ನಕಾಶೆಯನ್ನು ನಾವೇ ಬರೆಯುವ ಬಗೆ

ಮನೆ ಕಟ್ಟಿಸುವ ಪ್ರಸಂಗ ಬಂದಾಗ ನಮ್ಮ ಸೀಮೆಯಲ್ಲಿ ಯಜಮಾನರೂ ಗೌಂಡಿಯೂ ಬಯಲಲ್ಲಿ ನಿಂತು, ಸುಣ್ಣದ ಪುಡಿಯಿಂದ ಗೆರೆ ಹಾಕಿ, ಕೆಲಸಕ್ಕೆ ಕೈಹಚ್ಚುವದುಂಟು. ಆ ಮನೆಯಲ್ಲಿ ದಿನದ ಹೆಚ್ಚು ಹೊತ್ತು ದುಡಿಯತಕ್ಕ ಹೆಣ್ಣುಮಕ್ಕಳನ್ನು ಕೇಳುವವರು ವಿರಳ. ಇದರ ಫಲವನ್ನು ಅನೇಕ ಅಡಿಗೆಮನೆಗಳಲ್ಲಿ ನಾವು ಕಂಡಿದ್ದೇವೆ: ಹಗಲಿನಲ್ಲಿಯೂ ದೀಪ ಬೇಕು, ಹೊಗೆಗೆ ದಾರಿಯಿಲ್ಲ, ನೀರಿಗಾಗಿ ಪಡಸಾಲೆಯನ್ನು ದಾಟಬೇಕು. ಗೋಡೆ ಎದ್ದ ಮೇಲೆ ಇದನ್ನು ತಿದ್ದಲು ಸಾವಿರಾರು ರೂಪಾಯಿ ಬೇಕು. ಕಾಗದದ ಮೇಲೆ ತಿದ್ದಲು ರಬ್ಬರು ಸಾಕು. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರು ತಾವೇ ನಕಾಶೆ ಬರೆಯಲು ಕಲಿಯಬೇಕೆಂಬದು ನಮ್ಮ ಆಶೆ. ಶಾಲೆಯಲ್ಲಿ ಕಲಿತ ಪ್ರಮಾಣ, ಕ್ಷೇತ್ರಫಲಗಳಷ್ಟೇ ಇದಕ್ಕೆ ಬೇಕಾದ ವಿದ್ಯೆ.

ಮೊದಲು ಈಗ ವಾಸಿಸುವ ಮನೆಯನ್ನೇ ಅಳೆದು ಬರೆಯಿರಿ. ಚಚಡಿಯಂಥ ಊರಿನ ಹಳೆಯ ಮನೆಯಾದರೆ ಕಟ್ಟೆ, ಪಡಸಾಲೆ, ನಡುಮನೆ, ಅಡಿಗೆಮನೆ, ಬಚ್ಚಲು, ಹಿತ್ತಲು, ಒಂದೊಂದನ್ನೂ ಟೇಪು ಹಿಡಿದು ಅಳೆಯಿರಿ. ಹಿರಿಯರು ಮನೆಯನ್ನು ಅಂಕಣಗಳಿಂದ ಎಣಿಸುತ್ತಿದ್ದರು. ಕಂಬದಿಂದ ಕಂಬಕ್ಕೆ ತೊಲೆ ಎಷ್ಟು ಎಟಕುವದೋ ಅಷ್ಟೇ ಕೋಣೆಯ ಅಗಲವಾಗಿತ್ತು. ಇಕ್ಕಟ್ಟಾದ ಕೋಣೆ ಎಷ್ಟು ಫೂಟು, ಸಾಕಷ್ಟು ಅಗಲವಾದದ್ದು ಎಷ್ಟು ಎಂಬದು ಈ ಅಳತೆಯಿಂದ ಮನಸ್ಸಿಗೆ ಹತ್ತುವದು.

ತರುವಾಯ ಗಣಿತದ ಚೌಕುಳಿ ಹಾಳೆಯಲ್ಲಿ ಒಂದು ಚೌಕವನ್ನು ಒಂದು ಫೂಟೆಂದು ಹಿಡಿದು, ಹೊಸ ಮನೆಯ ಹೊರಗೆರೆಯನ್ನು ಎಳೆದು, ಉತ್ತರ ದಿಕ್ಕನ್ನು ಗುರುತಿಸಿರಿ. ಹೊಸಬರು ಮರೆಯುವದು ಗೋಡೆಯ ದಪ್ಪವನ್ನು. ಹೊರ ಅಗಲ 30 ಫೂಟು. ಒಳಗೆ ಅಕ್ಕಪಕ್ಕ ಎರಡು ಕೋಣೆಗಳು ಎನ್ನೋಣ. ಹೊರಗೋಡೆಗಳು 9 ಇಂಚು, ನಡುಗೋಡೆ ನಾಲ್ಕೂವರೆ ಇಂಚು ಆದರೆ ಒಳಗೆ ಉಳಿಯುವದು 28 ಫೂಟು ಒಂದೂವರೆ ಇಂಚು ಮಾತ್ರ. ಹಳೆಯ ರೀತಿಯ ಎರಡು ಫೂಟಿನ ಗೋಡೆಗಳಾದರೆ ಮೂರರಿಂದ 6 ಫೂಟೇ ಹೋಗುವದು. ಮಂಚ, ಕಪಾಟು, ಒಲೆಕಟ್ಟೆಗಳನ್ನು ಅದೇ ಪ್ರಮಾಣದಲ್ಲಿ ಕಾಗದದಿಂದ ಕತ್ತರಿಸಿ ಕೋಣೆಗಳಲ್ಲಿಟ್ಟು ನೋಡಿರಿ. ಬಾಗಿಲು ತೆರೆಯುವ ಸುತ್ತನ್ನೂ ಬರೆಯಿರಿ. ಮಂಚಕ್ಕೆ ಬಡಿಯುವ ಬಾಗಿಲು ಅಲ್ಲಿಯೇ ಕಾಣುವದು.

ಬೆಳಕು ಗಾಳಿಗಳಿಗೂ ಲೆಕ್ಕವುಂಟು. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು (2016) ಒಣ ಸೆಕೆಯ ಪ್ರದೇಶದಲ್ಲಿ ಕಿಟಕಿಗಳ ಕ್ಷೇತ್ರವು ನೆಲದ ಹತ್ತರಲ್ಲೊಂದು ಪಾಲಿಗೆ ಕಡಿಮೆಯಾಗಬಾರದೆನ್ನುತ್ತದೆ. 12 ಫೂಟು ಉದ್ದ, 10 ಫೂಟು ಅಗಲದ ಕೋಣೆಗೆ 12 ಚದರ ಫೂಟು. ಅಂದರೆ 3 ಫೂಟು ಎತ್ತರ, 2 ಫೂಟು ಅಗಲದ ಎರಡು ಕಿಟಕಿಗಳು. ಅಡಿಗೆಮನೆ 5 ಚದರ ಮೀಟರಿಗೆ, ಎಂದರೆ ಸುಮಾರು 54 ಚದರ ಫೂಟಿಗೆ, ಕಡಿಮೆಯಿರಬಾರದು. ಪಡುವಣ ಗೋಡೆಗೆ ಮಧ್ಯಾಹ್ನದ ಬಿಸಿಲೂ ಮುಂಗಾರಿನ ಇರಚಲೂ ತಗಲುವವು. ಅಲ್ಲಿಯ ಕಿಟಕಿಗೆ ಛಜ್ಜ ಬೇಕು.

ಕೊನೆಗೆ, ಬೆಳಗಿನಿಂದ ರಾತ್ರಿಯ ವರೆಗೆ ಮನೆಯಾಕೆ ಓಡಾಡುವ ದಾರಿಯನ್ನು ಪೆನ್ಸಿಲಿನಿಂದ ಎಳೆಯಿರಿ: ಒಲೆಯಿಂದ ನೀರಿಗೆ, ನೀರಿನಿಂದ ಬಚ್ಚಲಿಗೆ, ಹಿತ್ತಲಿಗೆ, ಮಲಗಿದ ಮುದುಕರ ಬಳಿಗೆ. ಗೆರೆಗಳು ಎಲ್ಲಿ ಉದ್ದವಾದವೋ ಅಲ್ಲಿ ನಕಾಶೆಯನ್ನು ತಿದ್ದಿರಿ. ನಾವು ಎಲ್ಲಕ್ಕೂ ಮಿಗಿಲೆಂದು ಎಣಿಸುವ ಪರೀಕ್ಷೆ ಇದೇ.

ಇಷ್ಟರಿಂದ ಎಂಜಿನಿಯರರ ಕೆಲಸ ತೀರುವದಿಲ್ಲ. ನಮ್ಮ ಎರೆಭೂಮಿಯು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವದು. ಬುನಾದಿಯ ಆಳವನ್ನೂ ತೊಲೆಗಳ ಬಲವನ್ನೂ ಬಲ್ಲವರೇ ನಿಶ್ಚಯಿಸತಕ್ಕದ್ದು. ಪಂಚಾಯತಿಯ ಪರವಾನಗಿಯೂ ಬೇಕು. ಆದರೆ ಮನೆಯೊಳಗಿನ ಬದುಕನ್ನು ಬಲ್ಲವಳು ಬರೆದ ಹಾಳೆಯು ಅವರ ಕೈಗೆ ಮೊದಲು ಹೋಗಲಿ.

ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತುಕೊಂಡು ಖರ್ಚನ್ನು ಲೆಕ್ಕಿಸುವ ಸಂಗತಿಯನ್ನು ನಮ್ಮ ಕರ್ತನು ಹೇಳಿದ್ದು ಲೂಕನ ಸುವಾರ್ತೆಯಲ್ಲಿದೆ. ಲೆಕ್ಕಿಸತಕ್ಕದ್ದು ಹಣ ಮಾತ್ರವಲ್ಲ, ಹೆಣ್ಣುಮಕ್ಕಳ ಕಣ್ಣು, ಉಸಿರು, ಕಾಲುಗಳ ಶ್ರಮವೂ ಅದರಲ್ಲಿ ಸೇರಿದೆ. ಪಾಲಕರೇ, ಗೌಂಡಿಯನ್ನು ಕರೆಯುವ ಮೊದಲು ಒಂದು ಚೌಕುಳಿ ಹಾಳೆಯನ್ನು ನಿಮ್ಮ ಮಗಳ, ಸೊಸೆಯ ಕೈಗೆ ಕೊಡಿರೆಂದು ನಮ್ಮ ಬಿನ್ನಹ.